ಎರಡು ಪಿಯಾನೊ, ಆರು ತಾಳವಾದ್ಯಗಾರರು, 60 ಗಾಯಕರು: ಮಂಗಳೂರಿನಲ್ಲಿ ಕ್ವಾಯರ್ ಕಛೇರಿಗೆ ಸಿದ್ಧತೆ

ಮೊದಲು ಕೃತಿ ನಿಗದಿಯಾಗಲಿ. ಸ್ಟ್ರಾವಿನ್‌ಸ್ಕಿಯವರ ‘ಲೆ ನೋಸ್’ ಎಂಬ ಕ್ವಾಯರ್ ಕೃತಿಗೆ (1923) ನಾಲ್ಕು ಪಿಯಾನೊ ಬೇಕು. ಅಷ್ಟನ್ನು ಮಂಗಳೂರಿನ ಒಂದೇ ವೇದಿಕೆಗೆ ತರುವುದು ಕಷ್ಟ. ಕಾರ್ಲ್ ಓರ್ಫ್ ಅವರ ದೊಡ್ಡ ವಾದ್ಯವೃಂದದ ಕ್ವಾಯರ್ ಕೃತಿ ‘ಕಾರ್ಮಿನಾ ಬುರಾನಾ’ವನ್ನು ಅವರ ಶಿಷ್ಯ ವಿಲ್‌ಹೆಲ್ಮ್ ಕಿಲ್‌ಮೇಯರ್ 1956ರಲ್ಲಿ ಎರಡು ಪಿಯಾನೊ ಮತ್ತು ತಾಳವಾದ್ಯಗಳಿಗೆ ಇಳಿಸಿದ್ದಾರೆ. ನಮ್ಮ ಊರಿಗೆ ಹೊಂದುವುದು ಇದೇ. ಟಿಂಪನಿಗೆ (ಶ್ರುತಿ ಮಾಡುವ ದೊಡ್ಡ ನಗಾರಿಗಳು) ಒಬ್ಬರು, ಉಳಿದ ತಾಳವಾದ್ಯಗಳಿಗೆ ಐವರು ಸಾಕು. ಇಬ್ಬರ ಕೃತಿಗಳಿಗೂ ಭಾರತದಲ್ಲಿ ಹಕ್ಕುಸ್ವಾಮ್ಯ ಮುಗಿದಿಲ್ಲ. ಜೆರಾಕ್ಸ್ ಪ್ರತಿ ಹಂಚಬೇಡಿ, ಪ್ರಕಾಶಕರಿಂದಲೇ ಸ್ವರಲಿಪಿ ಮತ್ತು ಪ್ರದರ್ಶನದ ಅನುಮತಿ ತರಿಸಿ.

ಕಛೇರಿ ಕೆಡುವುದು ಹೆಚ್ಚಾಗಿ ಶ್ರುತಿಯಲ್ಲಿ. ಕೋಲಿನಿಂದ ಬಾರಿಸುವ ಮರದ ಪಟ್ಟಿಗಳ ಝೈಲೊಫೋನ್, ಲೋಹದ ಪಟ್ಟಿಗಳ ಗ್ಲಾಕೆನ್‌ಸ್ಪೀಲ್‌ಗಳ ಪಟ್ಟಿಗಳನ್ನು ಸ್ಥಳದಲ್ಲಿ ಶ್ರುತಿ ಮಾಡಲು ಬರುವುದಿಲ್ಲ. ಹಲವು ವಾದ್ಯಗಳು ಕಾರ್ಖಾನೆಯಿಂದಲೇ ‘ಎ’ ಸ್ವರಕ್ಕೆ ರೂಢಿಯ 440ರ ಬದಲು 442 ಹರ್ಟ್ಸ್‌ಗೆ ಬರುತ್ತವೆ. ಆದ್ದರಿಂದ ಪಿಯಾನೊ ಶ್ರುತಿ ಮಾಡುವವರನ್ನು ಕರೆಸುವ ಮೊದಲೇ ಅವುಗಳ ‘ಎ’ ಸ್ವರವನ್ನು ಟ್ಯೂನರ್‌ನಲ್ಲಿ ಅಳೆದು, ಎರಡೂ ಪಿಯಾನೊಗಳನ್ನು ಅದಕ್ಕೇ ಕೂಡಿಸಿ. ಮೊದಲು ಪಿಯಾನೊ ಮುಗಿಸಿದರೆ ಗ್ಲಾಕೆನ್‌ಸ್ಪೀಲ್ ಬಂದಾಗೆಲ್ಲ ಕಿವಿಗೆ ಚುಚ್ಚುತ್ತದೆ, ಆಗ ಏನೂ ಮಾಡಲಾಗದು.

ಕರಾವಳಿಯ ತೇವಕ್ಕೆ ಚೆಂಡೆ, ಮದ್ದಳೆಯ ಶ್ರುತಿ ಇಳಿಯುವುದು ಎಲ್ಲರಿಗೂ ಗೊತ್ತು. ಪಿಯಾನೊದಲ್ಲಿ ಉಲ್ಟಾ: ತಂತಿಗಳ ಕೆಳಗಿನ ಮರದ ಹಲಗೆ ತೇವ ಹೀರಿ ಉಬ್ಬುತ್ತದೆ, ತಂತಿ ಬಿಗಿಯುತ್ತದೆ, ಶ್ರುತಿ ಏರುತ್ತದೆ, ಅದೂ ನಡುವಿನ ಸಪ್ತಕದಲ್ಲಿ ಹೆಚ್ಚು. ಮಳೆಗಾಲ ಬಿಟ್ಟು ಡಿಸೆಂಬರ್‌ನಿಂದ ಫೆಬ್ರವರಿಯೊಳಗೆ ದಿನ ಇಟ್ಟುಕೊಳ್ಳಿ. ಹಾಲ್ ಎರಡು ದಿನಕ್ಕೆ ಬೇಕು: ಪಿಯಾನೊ ಹಿಂದಿನ ದಿನ ಬೆಳಿಗ್ಗೆಯೇ ಬಂದು ಸಂಜೆ ಒಮ್ಮೆ, ಮರುದಿನ ರಿಹರ್ಸಲ್ ಮುಗಿದ ಮೇಲೆ ಇನ್ನೊಮ್ಮೆ ಶ್ರುತಿಯಾಗಬೇಕು. ಒಂದೊಂದಕ್ಕೆ ಒಂದೂವರೆ ಗಂಟೆ ಮೀಸಲಿಡಿ. ಆ ಹೊತ್ತಿನಲ್ಲಿ ಕುರ್ಚಿ ಎಳೆಯುವುದು, ಮೈಕ್ ಟೆಸ್ಟ್ ಯಾವುದೂ ಕೂಡದು. ಏಸಿ ಹಾಕಿ ಶ್ರುತಿ ಮಾಡಿದರೆ ಕಛೇರಿ ಮುಗಿಯುವ ತನಕ ಏಸಿ ಆರಿಸಬೇಡಿ. ಟಿಂಪನಿಯೂ ತಂಪಿಗೆ ಬದಲಾಗುತ್ತದೆ, ವಿರಾಮದಲ್ಲಿ ಮತ್ತೆ ನೋಡಿ.

ಗ್ರ್ಯಾಂಡ್ ಪಿಯಾನೊಗಳನ್ನು ಬಾಗಿದ ಬದಿಗಳು ಒಂದಕ್ಕೊಂದು ಕೂಡುವಂತೆ, ನುಡಿಸುವವರು ಎದುರುಬದುರಾಗುವಂತೆ ಇಡಿ. ಒಂದರ ಮುಚ್ಚಳ ಸಭೆಯಿಂದ ಆಚೆಗೆ ತೆರೆಯುತ್ತದೆ. ಅದನ್ನು ಪೂರ್ತಿ ಕಳಚಿ. ಪಿಯಾನೊಗಳ ಹಿಂದೆ ಕ್ವಾಯರ್ ನಿಲ್ಲಲಿ, ಒಂದೊಂದೂ 20 ಸೆಂಟಿಮೀಟರ್ ಏರುವ ಮೆಟ್ಟಿಲುಗಳ ಮೇಲೆ. ಸಾಲಿಗೆ 15ರಂತೆ ನಾಲ್ಕು ಸಾಲು, ಅಗಲ ಸುಮಾರು 9 ಮೀಟರ್. ತಾಳವಾದ್ಯಗಳನ್ನು ಗಾಯಕರ ನೇರ ಮುಂದೆ ಇಟ್ಟರೆ ಮುಂದಿನ ಸಾಲಿಗೆ ಬಾಸ್ ಡ್ರಮ್ ಬಿಟ್ಟು ಬೇರೇನೂ ಕೇಳಿಸದು. ಒಂದು ಬದಿಗೆ ಸರಿಸಿ. ಹಾಗೆ ಸರಿಸಿದಾಗ ಅವರು ಹಾಡಿಗೆ ಕಿವಿಗೊಟ್ಟು ನುಡಿಸಬಾರದು, ನಿರ್ದೇಶಕರ ಕೈ ನೋಡಬೇಕು: ಶಬ್ದ 10 ಮೀಟರ್ ದಾಟಲು ಸೆಕೆಂಡಿನ ನೂರರಲ್ಲಿ ಮೂರು ಭಾಗ ಹಿಡಿಯುತ್ತದೆ, ಓಡುವ ಲಯದಲ್ಲಿ ಆ ತಡ ಎದ್ದು ಕಾಣುತ್ತದೆ.

ಮೈಕ್ ಬಗ್ಗೆ ಸೌಂಡ್‌ನವರಿಗೆ ಮೊದಲೇ ಹೇಳಿ. ಐನೂರು ಸೀಟಿನ ಹಾಲ್‌ನಲ್ಲಿ ಡ್ರಮ್, ಪಿಯಾನೊಗಳಿಗೆ ಮೈಕ್ ಬೇಡವೇ ಬೇಡ. ಕ್ವಾಯರ್‌ಗೆ ಎತ್ತರದಲ್ಲಿ ಎರಡು ಕಂಡೆನ್ಸರ್ ಮೈಕ್ ಸಾಕು.

‘ಕಾರ್ಮಿನಾ ಬುರಾನಾ’ದ ಸಾಹಿತ್ಯ ಹೆಚ್ಚಾಗಿ ಲ್ಯಾಟಿನ್; ಅದರ ಉಚ್ಚಾರ ಮೊದಲ ದಿನವೇ ತೀರ್ಮಾನವಾಗಲಿ. e, i ಮುಂದೆ ಬಂದಾಗ c ಅಕ್ಷರವನ್ನು ಚರ್ಚ್ ಕ್ವಾಯರ್‌ನವರು ಇಟಾಲಿಯನ್ ರೂಢಿಯಂತೆ ‘ಚ’ ಎನ್ನುತ್ತಾರೆ, ಜರ್ಮನ್ ರೂಢಿಯಲ್ಲಿ ಅದೇ ‘ತ್ಸ’. ಕಲಸುಮೇಲೋಗರವಾದರೆ 60 ಜನರ ವ್ಯಂಜನ ಒಟ್ಟಿಗೆ ಬೀಳದು. ತಾಳವಾದ್ಯ ಸೇರಿದ ಪೂರ್ಣ ರಿಹರ್ಸಲ್ ಕನಿಷ್ಠ ಎರಡು, ಅದರಲ್ಲಿ ಒಂದು ಅದೇ ಹಾಲ್‌ನಲ್ಲಿ.

ಫ್ಯಾನ್ ಗಾಳಿಗೆ ಹಾಳೆ ಹಾರದಂತೆ ಸ್ಟ್ಯಾಂಡ್‌ಗೆ ಕ್ಲಿಪ್ ಹಾಕಿ. ಕರೆಂಟ್ ಹೋಗಿ ಜನರೇಟರ್ ಶುರುವಾಗುವ ತನಕ ನಿಲ್ಲದೆ ನುಡಿಸಲು ಎರಡು ಪಿಯಾನೊಗಳಿಗೂ ನಿರ್ದೇಶಕರಿಗೂ ಬ್ಯಾಟರಿ ದೀಪ ಇರಲಿ.