ಅಮಾವಾಸ್ಯೆಯ ಗಳಿಗೆ ನೋಡಿ ಮಳೆ ಹೇಳಬಹುದೇ? ನೀವೇ ಪರೀಕ್ಷಿಸಿ

‘ಅಮಾವಾಸ್ಯೆ ಕಳೆಯಲಿ, ಮಳೆ ಹಿಡಿಯುತ್ತದೆ’ ಎನ್ನುವವರು ನಮ್ಮಲ್ಲಿ ಈಗಲೂ ಇದ್ದಾರೆ. ಇಂಗ್ಲೆಂಡಿನಲ್ಲಿ ಈ ನಂಬಿಕೆಗೆ ಒಂದು ಕೋಷ್ಟಕವೇ ಇತ್ತು. 19ನೇ ಶತಮಾನದಲ್ಲಿ ಅಚ್ಚಾಗುತ್ತಿದ್ದ ಆ ಕೋಷ್ಟಕದ ಸೂತ್ರ ಸರಳ: ಅಮಾವಾಸ್ಯೆ, ಹುಣ್ಣಿಮೆ ಅಥವಾ ಅರ್ಧಚಂದ್ರ ಸಂಭವಿಸುವ ಕ್ಷಣ ಮಧ್ಯರಾತ್ರಿಗೆ ಹತ್ತಿರವಾದಷ್ಟೂ ಮುಂದಿನ ದಿನಗಳು ಒಣ, ನಡುಹಗಲಿಗೆ ಹತ್ತಿರವಾದಷ್ಟೂ ಮಳೆ. ಖಗೋಳ ವಿಜ್ಞಾನಿ ವಿಲಿಯಂ ಹರ್ಶೆಲ್ ಹೆಸರಲ್ಲಿ ಅದು ಓಡಾಡಿತು, ಆದರೆ ಅದು ಅವರ ಕೆಲಸವಲ್ಲ. ಇಂಥ ಸೂತ್ರವನ್ನು ನಂಬುವ ಮೊದಲು ಅಥವಾ ತಳ್ಳಿಹಾಕುವ ಮೊದಲು ಪರೀಕ್ಷಿಸುವುದು ಒಳ್ಳೆಯದು. ಅದಕ್ಕೆ ಬೇಕಿರುವುದು ಪಂಚಾಂಗ, ಒಂದು ಬಾಟಲಿ, ಒಂದು ನೋಟ್‌ಬುಕ್.

ಮೊದಲು ಗಳಿಗೆ ಹುಡುಕಿ. ಅಮಾವಾಸ್ಯೆ ತಿಥಿ ಮುಗಿಯುವ ಕ್ಷಣವೇ ಖಗೋಳದ ಅಮಾವಾಸ್ಯೆ, ಹುಣ್ಣಿಮೆ ತಿಥಿ ಮುಗಿಯುವ ಕ್ಷಣವೇ ಪೂರ್ಣಚಂದ್ರ. ಅರ್ಧಚಂದ್ರ ಬೀಳುವುದು ಅಷ್ಟಮಿಯ ನಡುವಿನಲ್ಲಿ. ನಿಮ್ಮ ಪಂಚಾಂಗ ಗಳಿಗೆಯಲ್ಲಿ ಲೆಕ್ಕ ಕೊಟ್ಟಿದ್ದರೆ ಒಂದು ಗಳಿಗೆಗೆ 24 ನಿಮಿಷ, ಎಣಿಕೆ ಸೂರ್ಯೋದಯದಿಂದ. ಆಕಾಶದಲ್ಲಿ ಸೂರ್ಯ, ಚಂದ್ರರು ನಿಜವಾಗಿ ಇರುವ ಸ್ಥಾನಕ್ಕೆ ಹೊಂದುವಂತೆ ಗಣಿಸಿದ ದೃಗ್ಗಣಿತ ಪಂಚಾಂಗವನ್ನೇ ಬಳಸಿ. ಹಳೆಯ ಗಣಿತದ ಪಂಚಾಂಗಕ್ಕೂ ಅದಕ್ಕೂ ತಿಥಿ ಮುಗಿಯುವ ಹೊತ್ತಿನಲ್ಲಿ ಗಂಟೆಗಟ್ಟಲೆ ವ್ಯತ್ಯಾಸ ಬರುವುದುಂಟು. ಗಂಟೆಯನ್ನೇ ನೆಚ್ಚಿದ ಕೋಷ್ಟಕಕ್ಕೆ ಅಷ್ಟು ಸಾಕು, ಉತ್ತರ ತಲೆಕೆಳಗಾಗಲು.

ಇನ್ನು ಮಳೆಮಾಪಕ. ಪಕ್ಕಗಳು ನೇರವಾಗಿರುವ ಪ್ಲಾಸ್ಟಿಕ್ ಬಾಟಲಿಯ ಕತ್ತು ಕತ್ತರಿಸಿ, ಅದನ್ನೇ ತಲೆಕೆಳಗಾಗಿ ಆಲಿಕೆಯಂತೆ ಕೂರಿಸಿ. ತಳದಲ್ಲಿ ಬೆಣಚುಕಲ್ಲು ಹಾಕಿ, ನೇರ ಭಾಗ ಶುರುವಾಗುವವರೆಗೆ ನೀರು ತುಂಬಿ, ಅಲ್ಲಿಂದ ಮೇಲಕ್ಕೆ ಸ್ಕೇಲ್ ಅಂಟಿಸಿ. ಮರ, ಸೂರುಗಳಿಂದ ದೂರ, ಬಯಲಲ್ಲಿಡಿ. ಹವಾಮಾನ ಇಲಾಖೆಯಂತೆ ಬೆಳಿಗ್ಗೆ 8.30ಕ್ಕೆ ಓದಿ, ನೀರನ್ನು ಮತ್ತೆ ಸೊನ್ನೆಯ ಗೆರೆಗೆ ತನ್ನಿ. 2.5 ಮಿಲಿಮೀಟರ್ ಅಥವಾ ಹೆಚ್ಚು ಬಿದ್ದರೆ ಮಾತ್ರ ಅದು ‘ಮಳೆಯ ದಿನ’.

ಮುಖ್ಯವಾದ ಹೆಜ್ಜೆ ಇದು: ಭವಿಷ್ಯವನ್ನು ಮೊದಲೇ ಬರೆದಿಡಿ, ದಿನಾಂಕ ಸಮೇತ. ಮಳೆ ಬಂದ ಮೇಲೆ ‘ಅಮಾವಾಸ್ಯೆ ಹತ್ತಿರವೇ ಇತ್ತಲ್ಲ’ ಎಂದರೆ ಲೆಕ್ಕಕ್ಕಿಲ್ಲ. ಚಾಂದ್ರಮಾಸ ಸುಮಾರು 29.5 ದಿನ. ಅದರಲ್ಲಿ ನಾಲ್ಕು ಘಟ್ಟಗಳು. ಪ್ರತಿ ಘಟ್ಟಕ್ಕೂ ಹಿಂದೆ ಮೂರು, ಮುಂದೆ ಮೂರು ದಿನ ಬಿಟ್ಟುಕೊಟ್ಟರೆ 28 ದಿನ ಆವರಿಸಿಬಿಡುತ್ತದೆ! ಯಾವ ಮಳೆಯೂ ಚಂದ್ರನಿಂದ ತಪ್ಪಿಸಿಕೊಳ್ಳಲಾರದು.

ಪಕ್ಕದಲ್ಲೇ ಇನ್ನೊಂದು ಅಂಕಣದಲ್ಲಿ ‘ನಾಳೆಯೂ ಇವತ್ತಿನಂತೆಯೇ’ ಎಂಬ ಊಹೆ ಬರೆಯುತ್ತ ಹೋಗಿ. ಜುಲೈನಲ್ಲಿ ಆಗುಂಬೆಯಲ್ಲಿ ಕುಳಿತು ‘ಮಳೆ’ ಎಂದವರೆಲ್ಲ ಗೆಲ್ಲುತ್ತಾರೆ, ಹಾಗಾಗಿ ಈ ಹೋಲಿಕೆಯಿಲ್ಲದೆ ಕೋಷ್ಟಕದ ಅಂಕಕ್ಕೆ ಬೆಲೆಯಿಲ್ಲ. ಆರಿದ್ರಾ, ಪುನರ್ವಸು ಮುಂತಾದ ಮಳೆ ನಕ್ಷತ್ರಗಳನ್ನೂ ಇಲ್ಲಿ ಬೆರೆಸಬೇಡಿ. ಅವು ಸೂರ್ಯನ ಸಂಚಾರದ ಲೆಕ್ಕ. ಪ್ರತಿವರ್ಷ ಹೆಚ್ಚುಕಡಿಮೆ ಅದೇ ತಾರೀಖಿಗೆ ಬರುವುದರಿಂದಲೇ ಅವು ಮುಂಗಾರಿನ ಋತುವಿಗೆ ಹೊಂದುತ್ತವೆ.

ಕನಿಷ್ಠ ಒಂದು ವರ್ಷ ಬರೆಯಿರಿ. ಕೋಷ್ಟಕ ಗೆಲ್ಲುತ್ತದೆಂದು ನನಗನ್ನಿಸುವುದಿಲ್ಲ. ಅಮಾವಾಸ್ಯೆಯ ಕ್ಷಣ ಇಡೀ ಭೂಮಿಗೆ ಒಂದೇ. ಲಂಡನ್ನಿನ ಗಡಿಯಾರದಲ್ಲಿ ಚಳಿಗಾಲದ ಮಧ್ಯರಾತ್ರಿಯಾದಾಗ ನಮ್ಮಲ್ಲಿ ಬೆಳಗಿನ 5.30. ಅಂದರೆ ಒಂದೇ ಅಮಾವಾಸ್ಯೆಗೆ ಕೋಷ್ಟಕ ಅಲ್ಲೊಂದು, ಇಲ್ಲೊಂದು ಹವೆ ಹೇಳುತ್ತದೆ. ಇತ್ತ ನಮ್ಮ ದೇಶಕ್ಕೆಲ್ಲ ಗಡಿಯಾರ ಒಂದೇ ಆದ್ದರಿಂದ ಕೋಷ್ಟಕ ಮಂಗಳೂರಿಗೂ ಚಿತ್ರದುರ್ಗಕ್ಕೂ ಒಂದೇ ಹವೆ ಹೇಳುತ್ತದೆ. ಪಶ್ಚಿಮ ಘಟ್ಟದ ಆಚೆ ಈಚೆ ಬದುಕುವ ನಮಗೆ ಅದು ಸಲ್ಲದು.

ಚಂದ್ರನಿಗೆ ಮಳೆಯ ಸಂಬಂಧವೇ ಇಲ್ಲವೆಂದಲ್ಲ. 1962ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಅಮೆರಿಕದಲ್ಲಿ ಅಮಾವಾಸ್ಯೆ, ಹುಣ್ಣಿಮೆಗಳಾದ ಕೆಲವು ದಿನಗಳಿಗೆ ಭಾರಿ ಮಳೆ ತುಸು ಹೆಚ್ಚೆಂದು ತೋರಿಸಿತು. 2016ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಉಪಗ್ರಹದ ಮಾಹಿತಿಯಲ್ಲಿ ಇನ್ನೊಂದನ್ನು ಕಂಡರು: ಚಂದ್ರ ನೆತ್ತಿಯ ಮೇಲಿದ್ದಾಗ ಅವನ ಸೆಳೆತದಿಂದ ವಾಯುಭಾರ ಏರಿ, ಗಾಳಿ ಕೊಂಚ ಬಿಸಿಯಾಗಿ, ಮಳೆ ಅತ್ಯಲ್ಪ ತಗ್ಗುತ್ತದೆ. ಒಟ್ಟು ಮಳೆಯ ಏರಿಳಿತದಲ್ಲಿ ಈ ಪಾಲು ಸುಮಾರು ಶೇ 1. ನಿಮ್ಮ ಬಾಟಲಿಗೆ ಅದು ಕಾಣುವುದಿಲ್ಲ, ಬಿತ್ತನೆಯ ದಿನ ನಿರ್ಧರಿಸಲೂ ಸಾಲದು.

ಕರಾವಳಿಯವರು ಮಾತ್ರ ನೋಟ್‌ಬುಕ್ಕಿಗೆ ಇನ್ನೊಂದು ಅಂಕಣ ಸೇರಿಸಿ: ಉಬ್ಬರದ ಹೊತ್ತು. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಉಬ್ಬರ ಅತಿ ಎತ್ತರ. ಆಗಲೇ ಜಡಿಮಳೆ ಹಿಡಿದರೆ ಅಳಿವೆಯಲ್ಲಿ ಹೊಳೆಯ ನೀರು ಸಮುದ್ರ ಸೇರಲಾಗದೆ ತಗ್ಗಿನ ಗದ್ದೆಗಳಿಗೆ ನುಗ್ಗುತ್ತದೆ. ಮಳೆಯ ಮುನ್ಸೂಚನೆಯನ್ನು ಹವಾಮಾನ ಇಲಾಖೆಯಿಂದ, ಉಬ್ಬರದ ದಿನವನ್ನು ಪಂಚಾಂಗದಿಂದ ತೆಗೆದುಕೊಂಡು, ಎರಡೂ ಕೂಡುವ ದಿನಕ್ಕೆ ಮುಂಚೆಯೇ ದನಕರು, ಪಂಪ್‌ಸೆಟ್ಟುಗಳನ್ನು ಎತ್ತರದ ಜಾಗಕ್ಕೆ ಸಾಗಿಸಿ.