ಹುಳು ಮನೆಯ ತೇವ ಅಳೆಯುವುದು ಹೇಗೆ? ಮೊದಲು ಆ ಬಟ್ಟೆ ನೋಡಿ

ರೇಷ್ಮೆ ಹುಳು ಸಾಕುವವರಿಗೆ ತೇವಾಂಶದ ಲೆಕ್ಕ ತಪ್ಪಿದರೆ ಬೆಳೆಯೇ ತಪ್ಪುತ್ತದೆ. ಚಾಕಿ ಹುಳುವಿಗೆ, ಅಂದರೆ ಮೊದಲೆರಡು ಹಂತದ ಮರಿ ಹುಳುವಿಗೆ, ಶೇ 85ರಿಂದ 90 ಬೇಕು, ಗೂಡು ಕಟ್ಟುವ ಮುಂಚಿನ ಐದನೇ ಹಂತಕ್ಕೆ 65ರಿಂದ 70 ಸಾಕು. ಅಳೆಯಲು ಕೈಯಲ್ಲಿ ತಿರುಗಿಸುವ ಸೈಕ್ರೋಮೀಟರೇ ಒಳ್ಳೆಯದು. ಎರಡು ಥರ್ಮಾಮೀಟರ್, ಒಂದರ ಬುಡಕ್ಕೆ ಒದ್ದೆ ಬಟ್ಟೆ, ಅಷ್ಟೇ.

ಬಟ್ಟೆ ಕಟ್ಟುವ ಮುಂಚೆ ಎರಡನ್ನೂ ಒಣಗಿದ್ದಂತೆಯೇ ಅರ್ಧ ಗಂಟೆ ನೆರಳಲ್ಲಿಡಿ. ಒಂದೇ ಅಂಕಿ ತೋರಿಸದಿದ್ದರೆ ಅಂಗಡಿಗೆ ವಾಪಸ್ ಕೊಡಿ.

ಜಾಸ್ತಿ ಜನ ಕೆಡಿಸುವುದು ಬಟ್ಟೆಯಲ್ಲೇ. ಹೊಸ ಮಸ್ಲಿನ್‌ನಲ್ಲಿ ಗಂಜಿ ಇರುತ್ತದೆ, ನೀರು ಹೀರುವುದಿಲ್ಲ, ಸೋಪು ಹಾಕಿ ಕುದಿಸಿ ಚೆನ್ನಾಗಿ ಜಾಲಿಸಿ. ಒಂದೇ ಸುತ್ತು ಸುತ್ತಿ, ಬುಡಕ್ಕೆ ಅಂಟಿಕೊಳ್ಳುವಂತೆ ದಾರದಲ್ಲಿ ಕಟ್ಟಿ. ಬೆರಳಿನ ಎಣ್ಣೆ ತಾಗಬಾರದು. ಬೋರ್‌ವೆಲ್ ನೀರು ಬೇಡವೇ ಬೇಡ. ಬಿಳಿ ಉಪ್ಪು ಕಟ್ಟಿ ಬಟ್ಟೆ ಗಟ್ಟಿಯಾಗುತ್ತದೆ, ಅಂಥ ಬಟ್ಟೆ ಸುಳ್ಳು ಹೇಳುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತನ್ನಿ. ಆಸಿಡ್ ಅಲ್ಲ, ಬರೀ ನೀರು.

ಹುಳು ಸಾಕುವ ಸ್ಟ್ಯಾಂಡುಗಳ ನಡುವೆ, ಹಾಸಿಗೆಯ (ಹುಳು ಮೇಯುವ ಸೊಪ್ಪಿನ ಹಾಸು) ಎತ್ತರಕ್ಕೆ ಹಿಡಿದು, ಕೈ ಚಾಚಿ ಸೆಕೆಂಡಿಗೆ ಎರಡು ಮೂರು ಸುತ್ತಿನಂತೆ ಒಂದು ನಿಮಿಷ ತಿರುಗಿಸಿ. ಒದ್ದೆ ಗೋಣಿ ತಾಟಿನ ಪಕ್ಕ ನಿಂತು ಅಳೆಯಬೇಡಿ. ನಿಲ್ಲಿಸಿದ ತಕ್ಷಣ ಮೊದಲು ಒದ್ದೆಯದ್ದನ್ನೇ ಓದಿ. ನಿಂತ ಮೇಲೆ ಅದು ಏರುತ್ತಾ ಹೋಗುತ್ತದೆ, ನೀವು ಉಸಿರು ಬಿಟ್ಟರೆ ಇನ್ನೂ ಬೇಗ. ಎರಡು ಸಲ ಒಂದೇ ಅಂಕಿ ಬರುವ ತನಕ ಮತ್ತೆ ತಿರುಗಿಸಿ. ಆತುರ ಬೇಡ. ಎರಡೂ ಅಂಕಿಯನ್ನು ತೇವಾಂಶದ ಪಟ್ಟಿಯಲ್ಲಿ ನೋಡಿ: ಒಣ 25 ಡಿಗ್ರಿ, ಒದ್ದೆ 20.5 ಇದ್ದರೆ ತೇವಾಂಶ ಸುಮಾರು ಶೇ 67. ಒದ್ದೆಯದ್ದನ್ನು ತಡವಾಗಿ ನೋಡಿ 21.5 ಅಂತ ಬರೆದುಕೊಂಡರೆ ಪಟ್ಟಿಯಲ್ಲಿ 73ರ ಮೇಲೆ ಸಿಗುತ್ತದೆ. ಒಂದೇ ಡಿಗ್ರಿಗೆ ಇಷ್ಟು ವ್ಯತ್ಯಾಸ!

ಪಟ್ಟಿ ಉಪಕರಣದ ಜೊತೆಯೇ ಬರುತ್ತದೆ.

ಅಗ್ಗದ ಡಿಜಿಟಲ್ ಮೀಟರ್ ನಂಬಿ ನಾನೊಂದು ಮಳೆಗಾಲದಲ್ಲಿ ಸುಣ್ಣಕಟ್ಟು ರೋಗಕ್ಕೆ (ತೇವ ಹೆಚ್ಚಾದರೆ ಬರುವ ಶಿಲೀಂಧ್ರ ರೋಗ) ಅರ್ಧ ಹುಳು ಕಳೆದುಕೊಂಡೆ. ನಿಮ್ಮ ಹತ್ತಿರ ಅಂಥದ್ದಿದ್ದರೆ ಬಳಸುವ ಮುಂಚೆ ಪರೀಕ್ಷೆ ಮಾಡಿ: ಅಡುಗೆ ಉಪ್ಪಿಗೆ ಸ್ವಲ್ಪ ನೀರು ಬೆರೆಸಿ ಒದ್ದೆ ಮರಳಿನ ಹದಕ್ಕೆ ತಂದು, ಬಟ್ಟಲಿನಲ್ಲಿ ಹಾಕಿ, ಮೀಟರ್ ಜೊತೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಒಂದು ಹಗಲು ಒಂದು ರಾತ್ರಿ ಇಡಿ. 75 ತೋರಿಸಬೇಕು. 65 ತೋರಿಸಿದರೆ ಪಕ್ಕಕ್ಕಿಡಿ.

ಐದನೇ ಹಂತದಲ್ಲಿ ಅಳತೆ 70 ದಾಟಿದರೆ ಕಿಟಕಿ ತೆರೆಯಿರಿ, ಹಾಸಿಗೆ ಮೇಲೆ ಸುಣ್ಣದ ಪುಡಿ ತೆಳ್ಳಗೆ ಉದುರಿಸಿ, ಒಂದು ಗಂಟೆ ಬಿಟ್ಟು ಮತ್ತೆ ಅಳೆಯಿರಿ.