ಎಳೆ ಮಗುವಿನ ಮೈ ಹಳದಿ ಕಂಡರೆ

ಉಡುಪಿ, ಮಂಗಳೂರು ಕಡೆಯ ಹೊಸ ಅಮ್ಮಂದಿರಿಗೆ ಒಂದು ಮಾತು. ಹುಟ್ಟಿದ 2-3ನೇ ದಿನ ಮಗುವಿಗೆ ಸ್ವಲ್ಪ ಹಳದಿ ಬರುವುದು ತುಂಬಾ ಸಾಮಾನ್ಯ. ಕೆಂಪು ರಕ್ತಕಣ ಒಡೆದಾಗ ಬಿಲಿರುಬಿನ್ ಎಂಬ ಹಳದಿ ವಸ್ತು ಉಂಟಾಗುತ್ತದೆ. ಅದನ್ನು ಹೊರಹಾಕುವಷ್ಟು ಮಗುವಿನ ಲಿವರ್ ಇನ್ನೂ ಬಲಿತಿರುವುದಿಲ್ಲ. ಹೆಚ್ಚಿನ ಮಕ್ಕಳಲ್ಲಿ 2 ವಾರದೊಳಗೆ ಇಳಿಯುತ್ತದೆ.

ಆಟಿಯ ಮಳೆಗೆ ಮನೆಯೊಳಗೆ ಕತ್ತಲೆ ಅಲ್ವಾ, ಲೈಟಿನ ಬೆಳಕಿನಲ್ಲಿ ಹಳದಿ ಸರಿಯಾಗಿ ಗೊತ್ತಾಗುವುದಿಲ್ಲ. ಮಗುವನ್ನು ಕಿಟಕಿ ಹತ್ತಿರ ತಂದು, ಹಣೆ ಅಥವಾ ಮೂಗಿನ ತುದಿಯನ್ನು ಮೆಲ್ಲ ಒತ್ತಿ ಬಿಡಿ. ಒತ್ತಿದ ಜಾಗ ಹಳದಿ ಕಂಡರೆ ಡಾಕ್ಟರಿಗೆ ತೋರಿಸಿ. ಮಗುವಿನ ಮೈಬಣ್ಣವೇ ಕಪ್ಪಗಿದ್ದರೆ ಕಣ್ಣಿನ ಬಿಳಿಭಾಗ, ವಸಡು ನೋಡಿ.

ಮೊದಲ 24 ಗಂಟೆಯೊಳಗೇ ಹಳದಿ ಬಂದರೆ, ಅಂಗಾಲಿನವರೆಗೂ ಹಬ್ಬಿದರೆ, ಮಗು ಹಾಲು ಕುಡಿಯದೆ ಮಂಕಾಗಿದ್ದರೆ, ಮಲ ಬಿಳಿಚಿದ್ದರೆ, ದಯವಿಟ್ಟು ಬೆಳಗಾಗಲಿ ಎಂದು ಕಾಯಬೇಡಿ. ಬಿಲಿರುಬಿನ್ ಮಿತಿಮೀರಿದರೆ ಮೆದುಳಿಗೇ ಪೆಟ್ಟು.

ಬೆಳಗಿನ ಬಿಸಿಲಿಗೆ ಹಿಡಿದರೆ ಸಾಕು ಎಂದು ಅಜ್ಜಿಯರು ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಅದು ಆಸ್ಪತ್ರೆಯ ನೀಲಿ ಬೆಳಕಿನ ಚಿಕಿತ್ಸೆಗೆ ಸಮ ಅಲ್ಲ. ಸಕ್ಕರೆ ನೀರು, ನಾಟಿ ಮದ್ದು ಬೇಡ. ಎದೆಹಾಲನ್ನೇ ದಿನಕ್ಕೆ 8ರಿಂದ 12 ಸಲ ಕೊಡಿ. ಬಿಲಿರುಬಿನ್ ಜಾಸ್ತಿ ಹೊರಹೋಗುವುದು ಮಲದ ಮೂಲಕವೇ.